ಶರಣಪ್ಪನವರ ಒಂದು ‘ಹೂಂ’

ಶರಣಪ್ಪನವರು ಮಾರಾಟಕ್ಕಿಟ್ಟ ಬೈಕನ್ನು ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಎಂಜಿನ್ ಆಯಿಲಿನ ಮುಚ್ಚಳ ತಿರುಗಿಸಿ, ಕಣ್ಣು ಮುಚ್ಚಿ, ಸಾರಿನ ಹದ ನೋಡುವ ಅಡುಗೆಭಟ್ಟರ ಹಾಗೆ ಉಸಿರೆಳೆದು, “ಸುಟ್ಟದ, ನಡೀರಿ” ಎನ್ನುತ್ತಿದ್ದರು. ಮಾಲೀಕ ಬಾಯಿ ತೆರೆಯುವಷ್ಟರಲ್ಲಿ ನಾವು ಗೇಟಿನ ಹೊರಗೆ.

ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಅಲ್ಲಿನ ಭೋಸರಿ ಬಡಾವಣೆಯಲ್ಲೇ ಗ್ಯಾರೇಜು ಹಾಕಿದವರು. ಎದುರಿಗೇ ಕುಂದಾಪುರದವನಾದ ನನ್ನ ಹೋಟೆಲು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ನನಗೆ ಐವತ್ತೆಂಟಕ್ಕೆ ಹುಚ್ಚು ಹಿಡಿಯಿತು. ಸೋಫಾದಂಥ ಸೀಟು, ಮೂರು ಪೆಟ್ಟಿಗೆ, ಸ್ಪೀಕರು ಎಲ್ಲ ಇರುವ ದೊಡ್ಡ ಟೂರಿಂಗ್ ಬೈಕು ಬೇಕು, ಸೆಕೆಂಡ್ ಹ್ಯಾಂಡಾದರೂ ಸರಿ, ದೂರ ದೂರ ಹೋಗಬೇಕು! ಹೆಂಡತಿ ಸುಮತಿ ಖಡಾಖಂಡಿತ ಹೇಳಿದಳು: “ಶರಣಪ್ಪಣ್ಣ ಹೂಂ ಅಂದ್ರೆ ತಕ್ಕೊಳ್ಳಿ. ಇನ್ನೊಂದು ಸಲ ಬೇಡ ಅಂದ್ರೆ ಈ ಸುದ್ದಿ ಎತ್ತಬಾರದು.” ಅವರು ಆಗಲೇ ಎರಡು ಬೈಕಿಗೆ ಬೇಡ ಅಂದಾಗಿತ್ತು.

ಹೂಂ ಅನ್ನುವುದು ಅವರ ಜಾಯಮಾನವೇ ಅಲ್ಲ. ನನ್ನ ಇಡ್ಲಿಯನ್ನು “ಬಿರುಸದ” ಎನ್ನುತ್ತಲೇ ವರ್ಷಗಟ್ಟಲೆ ದಿನಾ ನಾಲ್ಕು ತಿಂದ ಪುಣ್ಯಾತ್ಮರು.

ಮೂರನೆಯ ಬೈಕು ಜೋಶಿ ಎಂಬ ನಿವೃತ್ತ ಮರಾಠಿ ಸಾಹೇಬರದು. ಕಂಡೊಡನೆ ಮನಸೋತೆ. ಪುಣೆಯ ಕನ್ನಡಿಗರಾದ ನಮಗೊಂದು ಕೆಟ್ಟ ಚಾಳಿಯಿದೆ, ಗುಟ್ಟಿನ ಮಾತಿಗೆ ಕನ್ನಡ. ಶರಣಪ್ಪನವರು ಮೂಸಿ, ಬಗ್ಗಿ ನೋಡಿ, ಜೋಶಿಯವರ ಎದುರೇ ಗಟ್ಟಿಯಾಗಿ ಶುರುಮಾಡಿದರು: “ಎಡಕ್ಕ ಬಿದ್ದದ್ರಿ ಶೆಟ್ರ, ಮ್ಯಾಲ ಬಣ್ಣ ಹೊಡ್ದಾರ. ಟಾಯರ್ ಕಲ್ಲಾಗ್ಯಾವ. ಮದಿಮಗನಂಗ ಸಿಂಗಾರ ಮಾಡಿ ನಿಲ್ಲಿಸ್ಯಾನ ನೋಡ್ರಿ ಈ ಮನಷ್ಯಾ!”

ಜೋಶಿಯವರು ಕನ್ನಡಕ ಒರೆಸಿಕೊಂಡು, ಅಚ್ಚ ಧಾರವಾಡದ ಕನ್ನಡದಲ್ಲಿ ಹೇಳಿದರು: “ಬಿದ್ದದ್ದು ಖರೇ ಅದರಿ. ಇದೇ ಗೇಟಿನಾಗ. ನನ್ನ ಹೆಂಡತಿ ಮುಂದ ಮಾತ್ರ ಅನಬ್ಯಾಡ್ರಿ.”

ಅಯ್ಯೋ ದೇವರೇ! ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೈತಪ್ಪಿ ಹೋಯಿತು ಬೈಕು ಎಂದು ಶರಣಪ್ಪನವರನ್ನು ದುರುಗುಟ್ಟಿ ನೋಡಿದರೆ ಅವರು ನಗುತ್ತಿದ್ದಾರೆ.

“ಒಳಗ ಇವರ ತಾಯಿ ಕನ್ನಡದಾಗ ಬೈಲಿಕತ್ತಿದ್ದು ಬರೋವಾಗೇ ಕೇಳ್ಸಿತ್ರಿ. ನೀವು ಗಾಡಿ ನೋಡಿ ಮೈಮರೆತ್ರಿ. ಮುಖದ ಮ್ಯಾಲ ಹೇಳಿದ್ರ ಜಗಳ ಆಗ್ತದ, ಅದಕ್ಕ ನಿಮಗ ಹೇಳಿದಂಗ ಮಾಡ್ದೆ. ಬಿದ್ದದ್ದು ಒಪ್ಪಿಕೊಳ್ಳೋ ಮನಷ್ಯಾರ ಗಾಡಿ ತಗೋಬೇಕ್ರಿ. ಹೂಂ.”

ಟಾಯರು ಹೊಸದಾಯಿತು, ಬೈಕು ನನ್ನದಾಯಿತು. ಮುಂದಿನ ತಿಂಗಳೇ ಅವರು ಗ್ಯಾರೇಜು ಮುಚ್ಚಿ ಊರಿಗೆ ಹೊರಟರು. “ಕೈ ನಡಗ್ತಾವ್ರಿ, ನಟ್ಟಿನ ಮ್ಯಾಲ ಪಾನಾ ನಿಲ್ಲಂಗಿಲ್ಲ” ಎಂದರು, ಅಷ್ಟೆ. ಹಠ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ನನ್ನ ಮೊದಲ ದೂರದ ಸವಾರಿ ಅವರನ್ನು ಬಿಟ್ಟು ಬರುವುದಕ್ಕೇ ಆಯಿತು. ದಾರಿಯುದ್ದಕ್ಕೂ ಗೇರು, ಬ್ರೇಕು ಎಂದು ಬೈಗುಳ. ಸೊಲ್ಲಾಪುರ ದಾಟಿದ ಮೇಲೆ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ, ಬಾಯಿ ತೆರೆದು ಗಾಢ ನಿದ್ದೆ.

ಅವರ ಮನೆಯ ಮುಂದೆ ಇಳಿದು ಹೇಳಿದರು: “ಗಾಡಿಗೆ ಏನರ ಆದ್ರ ನನಗ ಫೋನ್ ಮಾಡಬ್ಯಾಡ್ರಿ.”

“ಯಾಕೆ ಮಾರಾಯ್ರೇ?”

“ಇದರ ಮ್ಯಾಲ ನಿದ್ದಿ ಮಾಡೀನ್ರಿ. ಇನ್ನ ಇದರಾಗ ತಪ್ಪು ಹುಡುಕಲಿಕ್ಕ ನನ್ನ ಕೈಲೆ ಆಗಂಗಿಲ್ಲ.”

ವಾಪಸು ಬರುವಾಗ ಎರಡು ಸಲ ಗೇರು ತಪ್ಪಿ ಹಾಕಿದೆ. ಬೈಯುವವರಿಲ್ಲದೆ ಸಂಕಟವಾಯಿತು. ತಡೆಯಲಾರದೆ ಬೈಕು ಬದಿಗೆ ನಿಲ್ಲಿಸಿ, ಅವರಿಗೇ ಫೋನ್ ಮಾಡಿ, ಬ್ರೇಕು ಸದ್ದು ಮಾಡುತ್ತಿದೆ ಎಂದು ಸುಳ್ಳು ಹೇಳಿದೆ.