ಹಂಡೆ ಬಂದ ಬೇಸಿಗೆ

ಆಗೆಲ್ಲ ಕುದ್ರೋಳಿಯ ನಮ್ಮ ಓಣಿಯಲ್ಲಿ ಹೆರಿಗೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. "ಅವರ ಮನೆಗೆ ಹಂಡೆ ಹೋಯಿತಂತೆ" ಎಂದರೆ ಮುಗಿಯಿತು, ಅಲ್ಲಿ ಮಗು ಹುಟ್ಟಿದೆ ಎಂದು ಅರ್ಥ. ಗಂಡೋ ಹೆಣ್ಣೋ ಎಂಬುದು ಆಮೇಲಿನ ಪ್ರಶ್ನೆ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದಿದರೆ ಅವರ ಓಣಿಯಲ್ಲೂ ಇಂಥದೊಂದು ಪಾತ್ರೆ ಇದ್ದದ್ದು ನೆನಪಾಗಬಹುದು. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಯ ಮಾತು ತುಳು. ಆಗ ಆಡಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡ ಮಾಡಿದ್ದೇನೆ. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಹಂಡೆ ದೇಜಕ್ಕನದು. ದೇಜಕ್ಕ ಎಂದರೆ ನಮ್ಮ ಓಣಿಯ ಸೂಲಗಿತ್ತಿ. ತುಳುವರ ಮನೆ, ಬ್ಯಾರಿ ಮುಸಲ್ಮಾನರ ಮನೆ ಎಂಬ ಭೇದ ಅವಳಿಗಿರಲಿಲ್ಲ, ಎಲ್ಲ ಮಕ್ಕಳೂ ಅವಳ ಕೈಮೇಲೆಯೇ ಬಿದ್ದವರು. ಬಂದರಿನ ಒಬ್ಬ ಸಾಹುಕಾರರ ಮನೆಯಲ್ಲಿ ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಅವರು ಈ ತಾಮ್ರದ ಹಂಡೆ ಕೊಟ್ಟಿದ್ದರು. ನಾನು ಮೊಣಕಾಲು ಮಡಚಿ ಒಳಗೆ ಕೂತರೆ ತಲೆ ಮಾತ್ರ ಹೊರಗೆ ಕಾಣುವಷ್ಟು ದೊಡ್ಡದು. ನಮ್ಮಂಥವರ ಮನೆಯಲ್ಲಿ ಇದ್ದದ್ದು ಮಣ್ಣಿನ ಮಡಕೆಗಳು. ಬಾಣಂತಿಗೆ ನಲವತ್ತು ದಿನ ಸುಡುಸುಡು ನೀರು ಎರೆಯಬೇಕು, ಮಡಕೆಯಲ್ಲಿ ಕಾಯಿಸಿದರೆ ಸೊಂಟ ಸಹ ನೆನೆಯುವುದಿಲ್ಲ. ಹಾಗಾಗಿ ಹಂಡೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಬಾಡಿಗೆ ಇಲ್ಲ. ಹುಣಸೆಹುಳಿ ಹಾಕಿ ಉಜ್ಜಿ ವಾಪಸು ಕೊಟ್ಟರಾಯಿತು.

ನಮ್ಮ ಮನೆಗೂ ಆ ಹಂಡೆಗೂ ಒಂದು ಕೆಟ್ಟ ಲೆಕ್ಕ ಇತ್ತು. ನಾನು ಹೇಳಹೊರಟ ಬೇಸಿಗೆಗೆ ಎರಡು ವರ್ಷ ಹಿಂದೆ ಅಮ್ಮನಿಗೆ ದಿನ ತುಂಬುವ ಮೊದಲೇ ಅಜ್ಜಿ ಅದನ್ನು ತರಿಸಿ ಅಂಗಳದಲ್ಲಿ ಇಟ್ಟಿದ್ದಳು, ಸಮಯಕ್ಕೆ ಓಡಾಟ ಬೇಡ ಎಂದು. ಮಗು ಹುಟ್ಟಿತು, ಅಳಲಿಲ್ಲ. ಆ ಹಂಡೆಯನ್ನು ಕಣ್ಣೆದುರು ಇಡಬೇಡಿ ಎಂದು ಅಮ್ಮ ಹೇಳಿದಳಂತೆ. ದೇಜಕ್ಕ ಅದನ್ನು ಒಣ ಹಂಡೆಯಾಗಿಯೇ ಹೊತ್ತುಕೊಂಡು ಹೋದಳು. ಅಂದಿನಿಂದ ಅಜ್ಜಿಗೆ ಒಂದೇ ಮಾತು. ಮಗುವಿನ ಕೂಗು ಕೇಳುವ ಮೊದಲು ಹಂಡೆ ನಮ್ಮ ಅಂಗಳಕ್ಕೆ ಬರಬಾರದು. ಬಂದರೆ, ಒಲೆ ಹತ್ತದೆ ಒಣಗಿಕೊಂಡು ಹಿಂದೆ ಹೋಗಬಾರದು.

ಆ ಬೇಸಿಗೆಯಲ್ಲಿ ಅಮ್ಮ ಮತ್ತೆ ಬಸುರಿ. ಮಗುವಿಗೆಂದು ಒಂದು ನೂಲೆಳೆ ಸಹ ಮೊದಲೇ ತೆಗೆದಿಡುವ ಹಾಗಿಲ್ಲ, ಹೆಸರು ಸಹ ಎತ್ತುವ ಹಾಗಿಲ್ಲ. ಆದರೆ ಏನೂ ತೆಗೆದಿಡದಿದ್ದರೆ ಆ ದಿನ ಎಲ್ಲಿಂದ ತರುವುದು? ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದಿನಗೂಲಿ, ಸಂಜೆ ಕೆಂಪು ಮಣ್ಣಿನ ಬೊಂಬೆಯ ಹಾಗೆ ಮನೆಗೆ ಬರುತ್ತಿದ್ದರು. ಅಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಜ್ಜಿ ಒಂದು ಉಪಾಯ ಮಾಡಿದಳು. ಎಲ್ಲಕ್ಕೂ ಮಳೆಗಾಲದ ಸಾಮಾನು ಎಂದು ಹೆಸರಿಟ್ಟಳು. ಬೇಸಿಗೆ ಮುಗಿಯುವ ಮೊದಲು ಮಳೆಗಾಲಕ್ಕೆ ಸಾಮಾನು ಕೂಡಿಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ, ದೇವರಿಗೂ ಸಂಶಯ ಬರಲಿಕ್ಕಿಲ್ಲ.

ಅಜ್ಜಿ ಬಂದರಿನ ಗೋದಾಮಿಗೆ ಕಾಳುಮೆಣಸು ಹೆಕ್ಕುವ ಕೆಲಸಕ್ಕೆ ಹೋಗಿ ಕೂಲಿಯ ಒಂದು ಪಾಲನ್ನು ಮೆಣಸಿನಲ್ಲೇ ಕೇಳಿ ತಂದಳು. ಮಳೆಗಾಲಕ್ಕೆ. ಬೆಲ್ಲದ ಅಚ್ಚೊಂದು ಅಟ್ಟದ ಮೇಲೆ ಬುಟ್ಟಿಯಲ್ಲಿ ಕೂತಿತು, ಇರುವೆ ಬರದಂತೆ ಸುತ್ತ ಬೂದಿ. ಅದೂ ಮಳೆಗಾಲಕ್ಕೆ. ಒಂದು ಕಪ್ಪು ಹೇಂಟೆಯನ್ನು ನೆಂಟರು ಬಂದಾಗಲೂ ಕೊಯ್ಯಲಿಲ್ಲ. ಅಪ್ಪನ ಹಳೆಯ ಮುಂಡುಗಳನ್ನು ಬೂದಿನೀರಿನಲ್ಲಿ ಕುದಿಸಿ, ಕಲ್ಲಿಗೆ ಬಡಿದು, ಒಣಗಿಸಿ, ಮೆತ್ತಗಾದ ಮೇಲೆ ಹರಿದು ಮಡಚಿಟ್ಟಳು. ಇದು ಎಂತಕ್ಕೆ ಎಂದು ನಾನು ಕೇಳಿದೆ. ದೀಪದ ಬತ್ತಿಗೆ ಎಂದಳು.

"ಅಷ್ಟು ಬತ್ತಿ ಯಾವ ದೇವರಿಗೆ ಅಜ್ಜಿ?"

ತಲೆಯ ಮೇಲೆ ಒಂದು ಬಿತ್ತು. ಮತ್ತೆ ಕೇಳಲಿಲ್ಲ.

ನನ್ನ ಪಾಲಿಗೆ ಬಂದದ್ದು ಸೌದೆ. ತೆಂಗಿನ ಮಡಲು, ಸಿಪ್ಪೆ, ಗೆರಟೆ, ಹೊಳೆಬದಿಗೆ ತೇಲಿ ಬಂದ ಮರದ ತುಂಡು, ಏನು ಸಿಕ್ಕಿದರೂ ತಲೆಯ ಮೇಲೆ ಹೊತ್ತು ತಂದು ಸೂರಿನ ಕೆಳಗೆ ಒಟ್ಟಬೇಕು. ಉಳಿದ ಹೊತ್ತು ಓಣಿಯ ಮಕ್ಕಳ ಜೊತೆ ಗೇರುಬೀಜದ ಆಟ. ಮಣ್ಣಿನಲ್ಲಿ ಬೀಜಗಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ದೊಡ್ಡ ಬೀಜದಲ್ಲಿ ಹೊಡೆಯುವುದು, ಬಿದ್ದದ್ದೆಲ್ಲ ಹೊಡೆದವರಿಗೆ. ನಾನು ಗುರಿಯಲ್ಲಿ ಚುರುಕು. ಆ ವರ್ಷ ಮಾತ್ರ ಸೋತದ್ದೇ ಸೋತದ್ದು, ಕಣ್ಣು ಬೀಜದ ಮೇಲೆ ಇದ್ದರೆ ಅಲ್ಲವೇ? ಕಣ್ಣು ಬೇಲಿಯ ಆಚೆ ಇತ್ತು.

ಬೇಲಿಯ ಆಚೆ ನೆಬೀಸಕ್ಕನ ಮನೆ. ಬ್ಯಾರಿಗಳು. ಗಂಡನದು ಬಂದರಿನಲ್ಲಿ ಸಣ್ಣ ಜೀನಸಿನ ಅಂಗಡಿ, ಅತ್ತೆ ಅವ್ವಮ್ಮ, ನಮ್ಮ ಅಜ್ಜಿಯ ವಯಸ್ಸು. ನೆಬೀಸಕ್ಕನಿಗೂ ದಿನ ತುಂಬುತ್ತಾ ಬಂದಿತ್ತು. ಹಂಡೆ ಒಂದೇ. ಅವರಿಗೆ ಮೊದಲಾದರೆ ನಲವತ್ತು ದಿನ ಅದು ಅಲ್ಲಿಯೇ, ನಮಗೆ ಮಡಕೆಯೇ ಗತಿ. ಅವಳು ಬಾವಿಗೆ ಬಂದರೆ ನಾನು ನಡಿಗೆ ನೋಡುತ್ತಿದ್ದೆ. ಅವಳು ಸೊಂಟಕ್ಕೆ ಕೈ ಇಟ್ಟರೆ ಓಡಿಬಂದು ಅಜ್ಜಿಗೆ ವರದಿ. ರಾತ್ರಿ ಸೆಕೆಗೆ ಚಾಪೆ ಜಗಲಿಗೆ ಎಳೆಯುವುದು, ಮತ್ತೆ ಒಳಗೆ ಎಳೆಯುವುದು. ಕೂತಲ್ಲಿ ಕೂರಲಿಕ್ಕೆ ಆಗುತ್ತಿರಲಿಲ್ಲ. ಅಜ್ಜಿಯೂ ಹಾಗೆಯೇ, ಒಗೆದದ್ದನ್ನೇ ಒಗೆಯುತ್ತಿದ್ದಳು, ಎಣಿಸಿದ ಗೆರಟೆಯನ್ನೇ ಎಣಿಸುತ್ತಿದ್ದಳು. ಅಮ್ಮ ಮಾತ್ರ ಅಲುಗಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುತ್ತುವುದು, ನೂಲು ಬಿಗಿಯುವುದು. ಹೊಟ್ಟೆಯ ಮೇಲೆ ಕೈ ಇಟ್ಟದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ತನ್ನದಲ್ಲದ ಸಾಮಾನು ಹೊತ್ತುಕೊಂಡವರ ಹಾಗೆ ಇದ್ದಳು. ನಮ್ಮೊಡನೆ ಮಾತೂ ಇಲ್ಲ.

ಕೊನೆಗೆ ಅಜ್ಜಿಗೆ ತಡೆಯಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ದೇಜಕ್ಕನ ಮನೆಗೆ ಕಳುಹಿಸಿದಳು. ಹಂಡೆ ಅವಳ ಹತ್ತಿರವೇ ಇದೆಯಾ, ಬೇರೆ ಕಡೆ ಮಾತು ಕೊಟ್ಟಿದ್ದಾಳಾ ಎಂದು ತಿಳಿದು ಬಾ ಎಂಬುದು ಅಜ್ಜಿಯ ಮನಸ್ಸು. ಬಾಯಲ್ಲಿ ಹೇಳಿದ್ದು ಇಷ್ಟೇ: "ಹಂಡೆ ಉಂಟಾ ಕೇಳಿ ಬಾ."

ದೇಜಕ್ಕ ಗಂಜಿಗೆ ಕೂತಿದ್ದಳು, ತಟ್ಟೆಯ ಬದಿಯಲ್ಲಿ ಸುಟ್ಟ ಒಣಮೀನು. ನಾನು ಹೇಳಿದೆ, "ಹಂಡೆ ಉಂಟಾ ಕೇಳಿದ್ದಾರೆ ಅಜ್ಜಿ."

ನಮ್ಮ ಓಣಿಯಲ್ಲಿ ಹಂಡೆ ಕೇಳಿಕೊಂಡು ಬರುವುದು ಒಂದೇ ಕಾರಣಕ್ಕೆ. ದೇಜಕ್ಕ ಗಂಜಿ ಬಿಟ್ಟಳು, ಕೈ ಸೆರಗಿಗೆ ಒರೆಸಿಕೊಂಡಳು, ಹಂಡೆಯನ್ನು ಬೋರಲಾಗಿ ತಲೆಗೇರಿಸಿದಳು. ನಾನು ಹಿಂದಿನಿಂದ ಏನೋ ಹೇಳುತ್ತಾ ಓಡಿದೆ, ಹಂಡೆಯೊಳಗೆ ತಲೆ ಇದ್ದವಳಿಗೆ ಕೇಳುವುದು ಹೇಗೆ? ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಆಯಿತಾ, ಆಯಿತಾ ಎಂದು ಒಬ್ಬರು, ಗಂಡಾ ಹೆಣ್ಣಾ ಎಂದು ಇನ್ನೊಬ್ಬರು.

ಅವಳು ನಮ್ಮ ಅಂಗಳಕ್ಕೆ ನುಗ್ಗುವಾಗ ಅಮ್ಮ ಜಗಲಿಯಲ್ಲಿ ಕೂತು ಬೀಡಿ ಸುತ್ತುತ್ತಿದ್ದಳು. ಹಂಡೆ ನೋಡಿದಳು. ಕೈಯಲ್ಲಿದ್ದ ಬೀಡಿ ಬಿಚ್ಚಿಕೊಂಡು ಹೊಗೆಸೊಪ್ಪು ಮಡಿಲಿಗೆ ಚೆಲ್ಲಿತು. ಎದ್ದು ಒಳಗೆ ಹೋದಳು.

ಅಜ್ಜಿ ಹೊರಗೆ ಬಂದು ಕೂಗಾಡಿದಳು. ನನಗೂ ಬಯ್ದಳು, ದೇಜಕ್ಕನಿಗೂ ಬಯ್ದಳು, ಈಗಿಂದೀಗ ಅದನ್ನು ಎತ್ತಿಕೊಂಡು ಹೋಗು ಎಂದಳು. ದೇಜಕ್ಕ ಸುಮ್ಮನಿರುವವಳಲ್ಲ.

"ಕೇಳಿ ಕಳುಹಿಸಿದ್ದು ನೀವು, ಬಯ್ಯುವುದೂ ನೀವಾ? ಅರ್ಧ ಗಂಜಿ ಬಿಟ್ಟು ಬಂದಿದ್ದೇನೆ ಮಾರಾಯ್ತಿ, ಇಷ್ಟು ಹೊತ್ತಿಗೆ ಬೆಕ್ಕು ಮೀನು ತಿಂದಿರ್ತದೆ. ಒಣ ಹಂಡೆ ಹಿಂದೆ ಹೋಗ್ಬಾರ್ದು ಅಂತ ಊರಿಗೆಲ್ಲ ಹೇಳಿದ್ದು ಯಾರು? ನಾನು ಹೊರುವುದಿಲ್ಲ. ಒಮ್ಮೆ ಹೊತ್ತದ್ದು ಸಾಕು."

ಅಜ್ಜಿಯ ಮಾತು ಅಜ್ಜಿಗೇ ಅಡ್ಡ ಬಂದಿತ್ತು.

ಹಾಗೆ ಹಂಡೆ ನಮ್ಮ ಅಂಗಳದ ಮೂಲೆಯಲ್ಲಿ ಬೋರಲಾಗಿ ಉಳಿಯಿತು. ಅಜ್ಜಿ ಅದರ ಮೇಲೆ ಹಳೆಯ ಚಾಪೆ ಹೊದಿಸಿದಳು, ಮೇಲೆ ಮಡಲು ಹೇರಿದಳು. ಏನು ಹೊದಿಸಿದರೂ ಅದು ಹಂಡೆಯೇ ಎಂದು ಯಾರಿಗೂ ತಿಳಿಯುತ್ತಿತ್ತು. ಬಚ್ಚಲಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ. ಅಮ್ಮ ಮನೆಗೆ ಒಂದು ಸುತ್ತು ಹಾಕಿ ಹಿಂದಿನಿಂದ ಹೋಗತೊಡಗಿದಳು. ಆ ದಿನಗಳಲ್ಲಿ ಅವಳು ಊಟ ಮಾಡಿದ್ದು ಕಡಿಮೆ. ಸಂಜೆ ಅಪ್ಪ ಬಂದು ಮೂಲೆಯ ಕಡೆ ನೋಡುವುದು, ಅಜ್ಜಿಯ ಕಡೆ ನೋಡುವುದು, ಬಾವಿಗೆ ಹೋಗುವುದು. ಈ ಮಗುವೂ ಹೋಗುತ್ತದೆ ಎಂದು ಅಮ್ಮ ತೀರ್ಮಾನ ಮಾಡಿದ್ದಾಳೆ ಎಂಬುದು ನನಗೂ ಗೊತ್ತಾಗಿತ್ತು. ಮಕ್ಕಳಿಗೆ ಗೊತ್ತಾಗುವುದಿಲ್ಲ ಎನ್ನುವವರು ಮಕ್ಕಳಾಗಿ ಇದ್ದದ್ದನ್ನು ಮರೆತವರು.

ಮತ್ತೆ ಒಂದು ಮಧ್ಯಾಹ್ನ, ಬಿಸಿಲಿಗೆ ಕಾಗೆ ಸಹ ಕೂಗದ ಹೊತ್ತು, ದೇಜಕ್ಕ ನಮ್ಮ ಮನೆಯ ಮುಂದಿನಿಂದ ಆಚೆ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವ್ವಮ್ಮ ಬೇಲಿಯ ಹತ್ತಿರ ಬಂದು ನಿಂತರು. ತಲೆಯ ಬಟ್ಟೆ ಸರಿಮಾಡಿಕೊಂಡರು, ಸೆಕೆಯ ಬಗ್ಗೆ ಎರಡು ಮಾತು ಆಡಿದರು. ಹಂಡೆಯ ಮಾತು ಎತ್ತಲಿಲ್ಲ. ಎತ್ತುವುದು ಹೇಗೆ, ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿಲ್ಲವೇ?

ಅಜ್ಜಿ ಅಂಗಳದಲ್ಲಿ ಆಚೆಗೂ ಈಚೆಗೂ ತಿರುಗಿದಳು. ಕೊಟ್ಟರೆ ಹಂಡೆ ಒಣಗಿಕೊಂಡೇ ನಮ್ಮ ಅಂಗಳ ದಾಟಬೇಕು. ಕೊಡದಿದ್ದರೆ ನೆರೆಮನೆಯ ಹೆಣ್ಣು ನೋವಿನಲ್ಲಿದ್ದಾಳೆ. ಸೊಸೆಗೆ ಅಪಶಕುನವೋ, ನೆರೆಮನೆಯವಳ ಪಾಪವೋ, ಯಾವುದನ್ನು ಹೊರುವುದು?

ಅಷ್ಟರಲ್ಲಿ ಅಮ್ಮ ಜಗಲಿಯಿಂದ ಇಳಿದು ಬಂದಳು. ಹಿಂದಿನಿಂದ ಸುತ್ತಿ ಬರಲಿಲ್ಲ, ನೇರ ಬಂದಳು. ಮಡಲು ಎಳೆದು ಹಾಕಿದಳು, ಚಾಪೆ ಎಳೆದಳು.

"ಅತ್ತೆ, ಹಂಡೆ ಎಲ್ಲಿಗೂ ಹೋಗುವುದು ಬೇಡ. ಇಲ್ಲೇ ಒಲೆ ಹೊತ್ತಿಸಿ. ನೀರು ಬೇಲಿಯಿಂದ ಹೋಗ್ಲಿ."

"ಸೌದೆ?" ಎಂದಳು ಅಜ್ಜಿ. ಅಜ್ಜಿಗೆ ಅಷ್ಟು ಹೊತ್ತಿನಲ್ಲೂ ಸೌದೆಯ ಚಿಂತೆ. "ಅದು ಮಳೆಗಾಲದ್ದು."

"ಯಾರ ಮಳೆಗಾಲ ಆದ್ರೇನು? ಮೊದಲು ಆಚೆ ಮನೆಯ ಮಗು ಮೀಯ್ಲಿ."

ಮೂರು ಕಲ್ಲು ಇಟ್ಟೆವು, ಹಂಡೆ ಕೂರಿಸಿದೆವು. ನಾನು ಬಾವಿಯಿಂದ ಕೊಡಪಾನ ಹೊತ್ತೆ. ಅವ್ವಮ್ಮ ಕತ್ತಿ ತಂದು ಬೇಲಿಯ ಬಳ್ಳಿ ಕಡಿದು ಒಬ್ಬರು ನುಗ್ಗುವಷ್ಟು ಜಾಗ ಮಾಡಿದರು. ಬೇಸಿಗೆಯಿಡೀ ನಾನು ತಲೆಯ ಮೇಲೆ ಹೊತ್ತು ತಂದ ಗೆರಟೆಗಳು ಚಟಪಟ ಉರಿದವು. ಹೊಟ್ಟೆ ಉರಿಯಿತು ನನಗೆ, ಸುಳ್ಳು ಏಕೆ ಹೇಳಲಿ. ಅಮ್ಮ ಒಲೆಯ ಮುಂದೆ ಮಣೆ ಹಾಕಿ ಕೂತಳು. ಎದ್ದು ಹೋಗು, ಬಸುರಿ ಹೊಗೆ ಕುಡಿಯಬಾರದು ಎಂದು ಅಜ್ಜಿ ಹೇಳಿದರೂ ಏಳಲಿಲ್ಲ. ನೀರು ಕುದಿಯತೊಡಗಿತು, ತಾಮ್ರದ ಬಿಸಿ ವಾಸನೆ ಎದ್ದಿತು. ಆಚೆ ಮನೆಯಿಂದ ನೆಬೀಸಕ್ಕ ನರಳುವುದು, ದೇಜಕ್ಕ ಗದರುವುದು, ಮತ್ತೆ ಏನೂ ಕೇಳದಿರುವುದು. ಆ ಏನೂ ಕೇಳದ ಹೊತ್ತಿನಲ್ಲಿ ಅಮ್ಮ ಕೈಯಲ್ಲಿದ್ದ ಸೌದೆಯನ್ನು ಒಲೆಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

ಕೂಗು ಬಂತು. ಸಣ್ಣದಲ್ಲ, ಓಣಿಯೇ ತಿರುಗಿ ನೋಡುವ ಕೂಗು.

"ಕೂಗಿತಾ?" ಎಂದು ಅಮ್ಮ ನನ್ನನ್ನು ಕೇಳಿದಳು. ತನ್ನ ಕಿವಿಯ ಮೇಲೆ ನಂಬಿಕೆ ಇಲ್ಲದವರ ಹಾಗೆ.

"ಕೂಗಿತು."

ಅವಳು ಸೌದೆ ಒಲೆಗೆ ಹಾಕಿದಳು. ಮಸಿ ಹಿಡಿದ ಕೈಯನ್ನು ಹಾಗೆಯೇ ತನ್ನ ಹೊಟ್ಟೆಯ ಮೇಲೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಎಂತ ನೋಡ್ತೀಯ, ಹಸಿವಾಗ್ತದೆ, ಗಂಜಿ ಹಾಕಿಕೊಂಡು ಬಾ" ಎಂದು ಗದರಿದಳು. ಎಷ್ಟೋ ತಿಂಗಳ ಮೇಲೆ ಅವಳು ನನಗೆ ಬಯ್ದದ್ದು. ನಾನು ಎರಡು ಬಾರಿ ಬಡಿಸಿದೆ.

ಮೊದಲ ಮಳೆ ಬಿದ್ದ ವಾರದಲ್ಲಿ ನನ್ನ ತಂಗಿ ಹುಟ್ಟಿದಳು. ಹುಟ್ಟಿದ ಕೂಡಲೇ ಅತ್ತಳು, ಆಮೇಲೂ ನಿಲ್ಲಿಸಲಿಲ್ಲ. ದೀಪದ ಬತ್ತಿಗೆಂದು ಹರಿದ ಮುಂಡಿನಲ್ಲಿ ಅವಳನ್ನು ಸುತ್ತಿದರು. ಕಪ್ಪು ಹೇಂಟೆ ಕಾಳುಮೆಣಸಿನ ಸಾರಾಯಿತು. ನಮ್ಮ ಸೌದೆ ಅರ್ಧವೂ ಉಳಿದಿರಲಿಲ್ಲ. ಅವ್ವಮ್ಮ ತಮ್ಮ ಅಟ್ಟದಿಂದ ತೆಂಗಿನ ಸಿಪ್ಪೆ ಇಳಿಸಿ ಬೇಲಿಯ ಕಂಡಿಯಿಂದ ಕಳುಹಿಸಿದರು. ಹಂಡೆ ಅಲ್ಲಿಂದ ಕದಲಲಿಲ್ಲ. ದೇಜಕ್ಕ ಕಾಲು ಚಾಚಿ ಕೂತು, ಎಣ್ಣೆ ಅರಸಿನ ಹಚ್ಚಿ, ಮೊದಲು ನೆಬೀಸಕ್ಕನ ಮಗನಿಗೆ, ಆಮೇಲೆ ನನ್ನ ತಂಗಿಗೆ ನೀರು ಎರೆಯುತ್ತಿದ್ದಳು. ನಡುವೆ ಹಂಡೆ ತೊಳೆಯಬೇಕೇ ಎಂದು ಅಜ್ಜಿ ಒಮ್ಮೆ ಮೆಲ್ಲಗೆ ಕೇಳಿದ್ದುಂಟು. "ಹಂಡೆಗೆ ಜಾತಿ ಇಲ್ಲ ಮಾರಾಯ್ತಿ, ಮಸಿ ಮಾತ್ರ ಉಂಟು. ಬೇಕಾದ್ರೆ ಅದನ್ನು ಉಜ್ಜಿ" ಎಂದಳು ದೇಜಕ್ಕ. ಅಜ್ಜಿ ಉಜ್ಜಿದಳು.

ಆ ಹಂಡೆ ಈಗ ಇಲ್ಲ. ದೇಜಕ್ಕ ಹೋದ ಮೇಲೆ ಅವಳ ಮನೆಯವರು ಗುಜರಿಗೆ ಹಾಕಿದರು, ತಾಮ್ರಕ್ಕೆ ಒಳ್ಳೆಯ ಬೆಲೆ. ಅದಕ್ಕೆ ನಾನು ಅಳುವುದಿಲ್ಲ. ಆಸ್ಪತ್ರೆಗೆ ಹೋಗಿದ್ದರೆ ಅಮ್ಮನ ಆ ಮಗುವೂ ಉಳಿಯುತ್ತಿತ್ತೋ ಏನೋ. ನನ್ನ ಮಕ್ಕಳನ್ನು ನಾನು ಆಸ್ಪತ್ರೆಯಲ್ಲೇ ಹೆತ್ತೆ, ಸೊಸೆಯನ್ನೂ ಅಲ್ಲಿಗೇ ಕಳುಹಿಸಿದೆ. ಬೇಲಿ ಇದ್ದಲ್ಲಿ ಕಾಂಪೌಂಡು ಬಂತು, ಕಾಂಪೌಂಡು ಇದ್ದಲ್ಲಿ ಈಗ ನಾವಿರುವ ಈ ಫ್ಲಾಟು. ನಲ್ಲಿ ತಿರುಗಿಸಿದರೆ ಬಿಸಿನೀರು, ಒಂದು ಗೆರಟೆ ಹೆಕ್ಕಬೇಕೆಂದಿಲ್ಲ.

ಕಳೆದ ವಾರ ಲಿಫ್ಟಿನಲ್ಲಿ ಒಬ್ಬ ಹುಡುಗಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಯಾವ ಮನೆ ಎಂದು ಕೇಳಿದೆ. ನಮ್ಮ ಮೇಲಿನ ಮನೆಯಂತೆ, ನನ್ನ ಮಂಚದ ನೇರ ಮೇಲೆ. ಮಗುವಿಗೆ ಎರಡು ತಿಂಗಳಾಯಿತಂತೆ, ರಾತ್ರಿಯಿಡೀ ಅಳುತ್ತದಂತೆ.

ಬೇಲಿಯಾಚೆಯ ಕೂಗು ಓಣಿಗೆಲ್ಲ ಕೇಳಿದ ಜಾಗವೇ ಇದು, ನನಗೆ ಒಂದು ದಿನವೂ ಕೇಳಿಸಲಿಲ್ಲ. ನನ್ನ ಕಿವಿ ಇನ್ನೂ ಚೆನ್ನಾಗಿಯೇ ಉಂಟು.