ಗುಡ್ಡೆ ಬಾಡು ತೊಳೆದ ನೀರು

ಕಾಯಿಲೆ ಬಿದ್ದ ಹಂದಿಯನ್ನ ತಾನಾಗಿ ಸಾಯೋಕೆ ಬಿಡಬಾರದು. ನಮ್ಮ ಬೀದಿಯಲ್ಲಿ ಹಾಗೇ. ಉಸಿರಿರುವಾಗಲೇ ಕುಯ್ದು, ಬಾಡನ್ನ ಸಮ ಗುಡ್ಡೆ ಮಾಡಿ, ಮನೆಗೊಂದು ಗುಡ್ಡೆ ಹಂಚಬೇಕು. ಸತ್ತುಹೋದರೆ ಅದು ಹೆಣ, ಯಾರೂ ಮುಟ್ಟಲ್ಲ, ಸಾಕಿದವನ ಒಂದು ವರ್ಷದ ಪಾಡು ಮಣ್ಣಿಗೆ. ಕುಯ್ದರೆ ಗುಡ್ಡೆ ದುಡ್ಡಿಂದ ಅವನಿಗೂ ಏನೋ ಒಂದಿಷ್ಟು ಹುಟ್ಟುತ್ತೆ, ಎಲ್ಲರ ಮನೆಯಲ್ಲೂ ಸಾರು ಕುದಿಯುತ್ತೆ. ನಾನು ಮದುವೆಯಾಗಿ ಬಂದಾಗಿನಿಂದ ಕಂಡಿದ್ದು ಇದೇ. ಗುಡ್ಡೆ ಬೇಡ ಅಂದರೆ ನಿನ್ನ ಸಹವಾಸ ಬೇಡ ಅಂದ ಹಾಗೆ.

ನನ್ನ ಮೈದುನನ ಗಂಡುಹಂದಿ ಮೇವು ಬಿಟ್ಟು ಮೂಲೆ ಸೇರಿತು. ಅವನು ಕುಯ್ದ. ನನ್ನ ಪಾಲಿನ ಗುಡ್ಡೆಯನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ತಾನೇ ಬಂದ. “ಅತ್ಗೇ, ನಿಮ್ಗೆ ತೊಡೆ ಭಾಗ ಇಟ್ಟಿವ್ನಿ. ನಿಮ್ಮ ಹಲ್ಲಿಗೆ ಮೂಳೆ ಆಗಾಕಿಲ್ಲ” ಅಂದ. ನನ್ನ ಬಾಯಲ್ಲಿ ಹಲ್ಲು ಎಷ್ಟಿವೆ ಅಂತ ಅವನಿಗೆ ಯಾವಾಗಲೂ ತಮಾಷೆ. ಸೊಸೆ ಬಾಡು ತೊಳೆದಳು. ತೊಳೆದ ನೀರನ್ನ ಬೀದಿಯವರೆಲ್ಲ ಎಲ್ಲಿ ಸುರಿಯುತ್ತಾರೋ ಅಲ್ಲೇ ಸುರಿದಳು, ಹಂದಿ ಮುಸುರೆಯ ಡ್ರಮ್ಮಿಗೆ. ರಕ್ತದ ನೀರು ಕುಡಿದರೆ ಹಂದಿಗೆ ಪುಷ್ಟಿ ಅಂತ ನಮ್ಮ ಅತ್ತೆಯೂ ಅಲ್ಲಿಗೇ ಸುರಿಯುತ್ತಿದ್ದಳು.

ನಮ್ಮದು ಕುಂದಲಹಳ್ಳಿ ಹಿಂದೆ, ರಾಜಕಾಲುವೆ ದಂಡೆ. ಒಂದು ಪಕ್ಕ ಕಾಲುವೆ, ಇನ್ನೊಂದು ಪಕ್ಕ ಅಪಾರ್ಟ್‌ಮೆಂಟಿನ ಹಿಂಗೋಡೆ, ನಡುವೆ ನಮ್ಮ ಶೀಟಿನ ಮನೆಗಳು, ಮನೆ ಹಿಂದೆ ಹಂದಿಗೂಡು. ಮೊದಲು ಹಂದಿ ಬಿಟ್ಟೇ ಸಾಕುತ್ತಿದ್ದೆವು. ಕೆರೆ ಕಡೆ ಹೋಗಿ ಸಂಜೆ ತಾವೇ ವಾಪಸ್ಸು ಬರುತ್ತಿದ್ದವು, ಕಿವಿ ಕತ್ತರಿಸಿದ ಗುರುತು ನೋಡಿ ಇದು ನಿಂದು ಇದು ನಂದು ಅಂತ ಹೊಡೆದುಕೊಂಡು ಹೋಗುತ್ತಿದ್ದೆವು. ರೋಡು, ಕಾರು, ಆಫೀಸು ಬಂದವು. ಹಂದಿ ಹಿಡಿಯೋ ಗಾಡಿಯೂ ಬಂತು. ಅಲ್ಲಿಂದ ಗೂಡಲ್ಲೇ ಕೂಡಿ ಹಾಕಿ ಸಾಕೋದು.

ಕೂಡಿ ಹಾಕಿದ ಮೇಲೆ ಹೊಟ್ಟೆಗೆ ಹಾಕಬೇಕಲ್ಲ. ಮಾರತ್ತಹಳ್ಳಿಯ ಪಿ.ಜಿ. ಹಾಸ್ಟೆಲುಗಳೇ ನಮ್ಮ ಹೊಲ. ಮೈದುನನ ಲಗೇಜ್ ಆಟೋದಲ್ಲಿ ಬೀದಿಯ ಡ್ರಮ್ಮುಗಳೆಲ್ಲ ಹೋಗಿ, ಹುಡುಗ ಹುಡುಗಿಯರು ಅರ್ಧ ತಿಂದು ಬಿಟ್ಟ ಇಡ್ಲಿ, ಚಪಾತಿ, ಅನ್ನ ತುಂಬಿಕೊಂಡು ಬರುತ್ತಿದ್ದವು. ಅವರ ತಾಯಂದಿರು ಆ ಡ್ರಮ್ಮು ನೋಡಿದರೆ ಅಳುತ್ತಾರೆ. ನಮ್ಮ ಹಂದಿ ಆಟೋ ಸದ್ದಿಗೇ ಕುಣಿಯುತ್ತಿದ್ದವು.

ನನ್ನ ಮಗ ಇಲ್ಲ. ಕುಡಿದು ಸತ್ತ. ಅದರಲ್ಲಿ ಹೇಳೋಕೆ ಇನ್ನೇನೂ ಇಲ್ಲ. ಮನೆಯಲ್ಲಿ ನಾನು, ಸೊಸೆ, ಸ್ಕೂಲಿಗೆ ಹೋಗೋ ಮೊಮ್ಮಗಳು. ಮೂರು ಹೆಣ್ಣಿನ ಹೊಟ್ಟೆ ನಿಂತಿದ್ದು ಇನ್ನೊಂದು ಹೆಣ್ಣಿನ ಹೊಟ್ಟೆ ಮೇಲೆ. ಮಚ್ಚೆ ಮಚ್ಚೆಯ ಒಂದು ಹೆಣ್ಣುಹಂದಿ. ಅದು ಮರಿ ಹಾಕಿದರೆ ಬೆಳೆಸಿ ಮಾರುತ್ತಿದ್ದೆವು. ಅಕ್ಕಿ, ಬಾಡಿಗೆ, ಸ್ಕೂಲು ಎಲ್ಲ ಅದರಲ್ಲೇ. ಆಗ ಅದು ತುಂಬಿದ ಗಬ್ಬ. ಮರಿ ಹಾಕೋ ಕಾಲಕ್ಕೆ ಹುಳಿ ಮುಸುರೆ ಕೊಡಬಾರದು, ಮರಿಗೆ ಭೇದಿ ಆಗುತ್ತೆ ಅಂತ ಅದನ್ನ ಬೇರೆ ಗೂಡಿಗೆ ಹಾಕಿ ಬೂಸಾ, ಗಂಜಿ, ಮನೆಯ ಇಡ್ಲಿ ಕೊಡುತ್ತಿದ್ದೆ. ಹೋದ ಸಲದ ಮರಿಗಳು ದೊಡ್ಡ ಗೂಡಲ್ಲಿ ಡ್ರಮ್ಮಿಂದೇ ತಿನ್ನುತ್ತಿದ್ದವು.

ಗುಡ್ಡೆ ತಿಂದ ವಾರದಲ್ಲಿ ಬೀದಿಯ ಹಂದಿಗಳು ಮಲಗಿಬಿಟ್ಟವು. ಕಿವಿ ನೇರಳೆ ಹಣ್ಣಿನ ಬಣ್ಣ. ಹೊಟ್ಟೆ ಕೆಂಪು. ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ನಮ್ಮ ದೊಡ್ಡ ಗೂಡಿನವು ಎಲ್ಲ ಹೋದವು. ಮೊದಮೊದಲು ಕುಯ್ಯುತ್ತಿದ್ದೆವು, ಹಂಚುತ್ತಿದ್ದೆವು, ತೊಳೆದು ಸುರಿಯುತ್ತಿದ್ದೆವು. ಆಮೇಲೆ ಕುಯ್ಯೋಕೂ ಪುರಸೊತ್ತಿಲ್ಲದ ಹಾಗೆ ಸತ್ತವು.

ಅಪಾರ್ಟ್‌ಮೆಂಟಿನವರು ವಾಸನೆ ಅಂತ ದೂರು ಕೊಟ್ಟರೋ ಏನೋ, ಸರ್ಕಾರದ ದನದ ಡಾಕ್ಟ್ರಮ್ಮ ಬಂದಳು. ಸತ್ತ ಹಂದಿಯ ರಕ್ತ ತಗೊಂಡು ಹೋಗಿ, ಮತ್ತೆ ಬಂದು, ನಮ್ಮನ್ನೆಲ್ಲ ಸೇರಿಸಿದಳು.

“ಇದು ಹಂದಿಯಿಂದ ಹಂದಿಗೆ ಮಾತ್ರ ಹರಡೋ ಜ್ವರ. ಔಷಧಿ ಇಲ್ಲ. ಮನುಷ್ಯರಿಗೆ ಏನೂ ಆಗಲ್ಲ, ಹೆದರಬೇಡಿ” ಅಂದಳು. ಆಮೇಲೆ, “ಮೊದಲು ಕಾಯಿಲೆ ಬಿದ್ದಿದ್ದನ್ನ ಏನು ಮಾಡಿದ್ರಿ?” ಅಂತ ಕೇಳಿದಳು.

ಮೈದುನ, “ಸಾಯೋ ಮುಂಚೆ ಕುಯ್ದು ಅಂಚಿದ್ವಿ ಮೇಡಂ, ಸತ್ತ ಮ್ಯಾಗಲ್ಲ” ಅಂದ. ಏನೋ ದೊಡ್ಡ ಮರ್ಯಾದೆ ಉಳಿಸಿದವನ ಹಾಗೆ.

“ತೊಳೆದ ನೀರು?”

ಎಲ್ಲರೂ ತಿರುಗಿ ಡ್ರಮ್ಮುಗಳನ್ನ ನೋಡಿದರು. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೈದುನ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ನಾಳೆ ಬೆಳಿಗ್ಗೆ ನಮ್ಮವರು ಬರ್ತಾರೆ. ಇಲ್ಲಿರೋ ಹಂದಿ ಎಲ್ಲಾ ಹೋಗಬೇಕು, ಚೆನ್ನಾಗಿರೋದೂ ಸೇರಿ. ಒಂದನ್ನೂ ಆಚೆ ಸಾಗಿಸಬೇಡಿ. ಸಾಗಿಸಿದರೆ ಅಲ್ಲಿಯವೂ ಸಾಯ್ತವೆ” ಅಂದಳು. ಪರಿಹಾರಕ್ಕೆ ಬರೀತೀನಿ ಅಂದಳು.

ಬೀದಿಯಲ್ಲಿ ಚೆನ್ನಾಗಿದ್ದದ್ದು ನಮ್ಮ ಮಚ್ಚೆ ಹಂದಿ ಒಂದೇ.

ಡಾಕ್ಟ್ರಮ್ಮನ ಜೀಪು ತಿರುಗೋದೇ ತಡ, ಸೊಸೆ ಫೋನ್ ಹಿಡಿದಳು. ಅವಳ ತವರು ಎಲೆಕ್ಟ್ರಾನಿಕ್ ಸಿಟಿ ದಾಟಿ ಒಳಗೆ. ಅವರದ್ದೂ ಹಂದಿಯದ್ದೇ ಬದುಕು. ಫೋನ್ ಮುಗಿಸಿ ಬಂದು ನನ್ನ ಮುಂದೆ ನಿಂತಳು.

“ಅತ್ತೇ, ನಮ್ಮವ್ವ ತಗೊಂಬಾ ಅಂತವ್ಳೆ. ಒಂದು ಗೂಡು ಕಾಲಿ ಐತಂತೆ.”

“ಕಾಯ್ಲೆ ಇಸ್ಯ ಯೇಳಿದ್ಯಾ?”

“ನಮ್ ಹಂದೀಗೆ ಕಾಯ್ಲೆ ಎಲ್ಲೈತೆ? ಇಲ್ದೇ ಇರಾದ್ನ ಏನಂತ ಯೇಳ್ಲಿ?”

ನಾನು ಬೇಡ ಅನ್ನಲಿಲ್ಲ. ಆಟೋ ತಾ ಅಂತ ಮೈದುನನಿಗೆ ಹೇಳಿದ್ದು ನಾನೇ. ಇದು ಹೋದರೆ ನಾಳೆಯಿಂದ ಒಲೆ ಮೇಲೆ ಏನಿಡೋದು ಅನ್ನೋದು ಬಿಟ್ಟು ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಹೊತ್ತು ಮುಳುಗೋ ಮುಂಚೆ ಆಟೋ ಹಿಂದಕ್ಕೆ ತಂದು ಗೂಡಿನ ಬಾಗಿಲಿಗೆ ಹಲಗೆ ಕೊಟ್ಟೆವು. ಈ ಹಂದಿಯನ್ನ ಎಳೆಯೋದು ಬೇಡ, ಮುಂದೆ ಇಡ್ಲಿ ಹಿಡಿದರೆ ಮದುವೆ ಹೆಣ್ಣಿನ ಹಾಗೆ ಹಿಂದೆ ಬರುತ್ತೆ. ಹಿಡಿದೆ. ಮೂಸಿತು. ಮುಖ ತಿರುಗಿಸಿಕೊಂಡಿತು.

ಇಡ್ಲಿಯನ್ನ ಅದರ ಮೂತಿಯ ಮುಂದೆಯೇ ಇಟ್ಟೆ.

“ಮರಿ ಆಕೋ ಒತ್ನಲ್ಲಿ ತಿನ್ನಾಕಿಲ್ಲ ಅಂತ ನಿಮ್ಗೊತ್ತಿಲ್ವಾ?” ಅಂದಳು ಸೊಸೆ. ಸುಳ್ಳಲ್ಲ. ಹೆರೋ ಹಿಂದಿನ ದಿನ ಹಂದಿ ಮೇವು ಬಿಡುತ್ತೆ. ಜ್ವರ ಬಂದರೂ ಬಿಡುತ್ತೆ. ಎರಡಕ್ಕೂ ಒಂದೇ ವ್ಯತ್ಯಾಸ. ಹೆರೋ ಹಂದಿ ಸುಮ್ಮನೆ ಮಲಗಲ್ಲ, ಹುಲ್ಲು, ಗೋಣಿ, ಸಿಕ್ಕಿದ್ದೆಲ್ಲ ಬಾಯಲ್ಲಿ ಎಳೆದು ಹಾಸಿಗೆ ಮಾಡುತ್ತೆ. ಜ್ವರದ ಹಂದಿ ಬಿದ್ದಲ್ಲೇ ಬಿದ್ದಿರುತ್ತೆ. ಒಂದು ಗೋಣಿಚೀಲ ಒಳಗೆ ಎಸೆದೆ. ಮೂವರೂ ಗೂಡಿನ ಗೋಡೆಗೆ ಗದ್ದ ಊರಿ ನೋಡುತ್ತಾ ನಿಂತೆವು.

ಮಲಗಿತ್ತು. ಕಿವಿ ಮುಟ್ಟಿದೆ, ಬಿಸಿ. ಗಬ್ಬದ ಹಂದಿಯ ಮೈ ಯಾವಾಗಲೂ ಬಿಸಿಯೇ. ಎಷ್ಟೋ ಹೊತ್ತಾದ ಮೇಲೆ ಎದ್ದಿತು, ಗೋಣಿ ಕಚ್ಚಿತು, ಒಂದಿಷ್ಟು ದೂರ ಎಳೆದು ಮತ್ತೆ ಮಲಗಿತು.

“ನೋಡಿದ್ರಾ! ನೋಡಿದ್ರಾ!” ಸೊಸೆ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ನೋಡಿದೆ. ಏಳುವಾಗ ಅದರ ಹಿಂಗಾಲು ತೂರಾಡಿದ್ದನ್ನೂ ನೋಡಿದೆ. ಹೊಟ್ಟೆ ಭಾರಕ್ಕೂ ತೂರಾಡುತ್ತೆ.

“ಅತ್ಗೇ, ಓಗಾದಾ ಬ್ಯಾಡ್ವಾ ಬೇಗ ಯೇಳಿ” ಅಂದ ಮೈದುನ. “ಆಫೀಸು ಬಿಟ್ಟೈತೆ. ರಿಂಗ್ ರೋಡ್ ಜಾಮಲ್ಲಿ ಸಿಕ್ಕಾಕ್ಕೊಂಡ್ರೆ ಈಯಮ್ಮ ಸಿಗ್ನಲ್ಲಲ್ಲೇ ಮರಿ ಆಕ್ತಾಳೆ.”

ಅಷ್ಟರಲ್ಲಿ ಬೀಗಿತ್ತಿಯದ್ದೇ ಫೋನ್ ಬಂತು, ಸೊಸೆಯ ತಾಯಿ. ಅತ್ತೆ ಕೈಗೆ ಕೊಡು ಅಂದಳಂತೆ.

“ಅಕ್ಕಾ, ವೊಂಟ್ರಾ? ನೀವೇನೂ ಯೋಚ್ನೆ ಮಾಡ್ಬ್ಯಾಡಿ. ಬಾಣಂತನ ನಮ್ಮನೇಲೇ ಆಗ್ಲಿ. ನಮ್ದೂ ಒಂದು ಮರಿ ಆಕೈತೆ, ಒಟ್ಗೇ ಬಿಡಾನ” ಅಂದಳು. ಒಳ್ಳೆ ಹೆಂಗಸು, ಬಾಯಿ ತುಂಬಾ ಮಾತು. “ಒಂದ್ವೇಳೆ ದಾರೀಲಿ ಎಚ್ಚುಕಮ್ಮಿ ಆದ್ರೂ ಎದ್ರುಕೋಬ್ಯಾಡಿ ಅಕ್ಕ. ಸಾಯಕ್ ಮುಂಚೆ ಕುಯ್ದು ಇಲ್ಲೇ ಗುಡ್ಡೆ ಆಕಾನ. ನಮ್ ಬೀದಿ ಜನ ಬಿಡಾಕಿಲ್ಲ.”

ಅವಳ ಬೀದಿ ನನ್ನ ಕಣ್ಣ ಮುಂದೆ ಬಂತು. ಮನೆಗೊಂದು ಗುಡ್ಡೆ. ಮನೆಗೊಬ್ಬಳು ತೊಳೆಯೋಳು. ಮನೆಗೊಂದು ಡ್ರಮ್ಮು.

“ಲೇ ತಾಯಿ, ನಮ್ ಬೀದಿ ಅಂದಿ ಎಲ್ಲ ಸತ್ತೋದ್ವು ಕಣೆ” ಅಂದೆ. “ಗುಡ್ಡೆ ತೊಳೆದ್ ನೀರಿಂದ್ಲೇ ಅಂತೆ. ಇದುಕ್ಕೂ ಐತೋ ಇಲ್ವೋ, ನಂಗೊತ್ತಾಯ್ತಾ ಇಲ್ಲ.”

“ಅಂಗಾರೆ ಬ್ಯಾಡ ಅಕ್ಕ” ಅಂದಳು. ಇಟ್ಟುಬಿಟ್ಟಳು.

ಸೊಸೆ ಫೋನ್ ಕಿತ್ತುಕೊಂಡಳು. “ನಿಮ್ ಬಾಯಿಗೆ ಮಣ್ಣಾಕ! ನನ್ ಮಗೀಗೆ ಏನ್ ತಿನ್ನಿಸ್ತೀರಾ ಈಗ? ನಿಮ್ ನಿಯತ್ತು ತಿನ್ನಿಸ್ತೀರಾ?” ಅಂತ ಕೂಗಿದಳು. ಹಲಗೆಗೆ ಒದ್ದಳು. ಹಂದಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ನಿಯತ್ತೂ ಇಲ್ಲ, ಗಿಯತ್ತೂ ಇಲ್ಲ. ಬೀಗಿತ್ತಿ ಗುಡ್ಡೆ ಅನ್ನದೇ ಇದ್ದಿದ್ದರೆ ನಾನು ಹತ್ತಿಸಿ ಕಳಿಸುತ್ತಿದ್ದೆ.

ಬೆಳಿಗ್ಗೆ ಡಾಕ್ಟ್ರಮ್ಮನ ಕಡೆಯವರು ಬಿಳಿ ಬಟ್ಟೆ ಮೈತುಂಬಾ ಸುತ್ತಿಕೊಂಡು ಬಂದರು. ಜೆಸಿಬಿ ಕಾಲುವೆ ಪಕ್ಕ ಗುಂಡಿ ತೋಡಿತು. ಸುಣ್ಣದ ಮೂಟೆ ಇಳಿಸಿದರು. ನಾನು ಎಲ್ಲರಿಗಿಂತ ಮೊದಲು ಗೂಡಿಗೆ ಹೋಗಿ ನೋಡಿದೆ. ಗೋಣಿಚೀಲ ಎಳೆ ಎಳೆಯಾಗಿ ಹರಿದು ಹಂದಿಯ ಸುತ್ತ ಹಾಸಿತ್ತು. ಇಡ್ಲಿ ಇಟ್ಟಲ್ಲೇ ಇತ್ತು.

“ಇದು ಆಸಿಗೆ ಮಾಡೈತೆ, ಡಾಕ್ಟ್ರಮ್ಮ. ರಕ್ತ ತಗೊಂಡ್ ನೋಡಿ” ಅಂದೆ.

“ಬೀದಿಗೆ ಬಂದಿದೆ ಅಂತ ಗೊತ್ತಾದ ಮೇಲೆ ಒಂದೊಂದನ್ನೂ ನೋಡಲ್ಲ ಅಜ್ಜಿ. ಹಾಗೇ ನಿಯಮ.”

“ಮರಿಗಳ್ನಾರ ತೆಗೀರಿ ಮೇಡಂ, ಒಟ್ಟೆ ಕುಯ್ದು ತೆಗೀರಿ” ಅಂತ ಸೊಸೆ ಅವಳ ಕಾಲಿಗೆ ಬಿದ್ದಳು. ಆಗಲ್ಲಮ್ಮ ಅಂದಳು. ಅವಳಿಗೂ ಕಣ್ಣು ಒದ್ದೆಯಾಗಿತ್ತು. ಆದರೆ ಏನು, ಸೂಜಿ ಚುಚ್ಚಿದರು.

ಹೆರೋಕೆ ಮಲಗಿತ್ತೋ, ಸಾಯೋಕೆ ಮಲಗಿತ್ತೋ. ಜ್ವರದ ಹಂದಿ ರಾತ್ರಿಯಿಡೀ ಗೋಣಿ ಹರಿಯುತ್ತಾ? ಹರಿದರೂ ಹರಿಯಬಹುದು. ಸುಣ್ಣದ ಕೆಳಗಿರೋದನ್ನ ಯಾರು ಕೇಳೋಕಾಗುತ್ತೆ.

ಈಗ ಸೊಸೆ ಮಾರತ್ತಹಳ್ಳಿಯಲ್ಲಿ ಒಂದು ಪಿ.ಜಿ. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾಳೆ. ನಮ್ಮ ಡ್ರಮ್ಮಿಗೆ ಬರುತ್ತಿದ್ದ ಇಡ್ಲಿಯನ್ನ ತಾನೇ ಕಸದ ಗಾಡಿಗೆ ಸುರಿದು ಬರುತ್ತಾಳೆ. ಆ ದುಡ್ಡಲ್ಲಿ ಬಾಡಿಗೆ ಕಟ್ಟಿದರೆ ಅಕ್ಕಿಗಿಲ್ಲ, ಅಕ್ಕಿ ತಂದರೆ ಬಾಡಿಗೆಗಿಲ್ಲ. ಪರಿಹಾರ ಇನ್ನೂ ಬಂದಿಲ್ಲ. ಗೂಡಿಗೆ ಈಗಲೇ ಬೇರೆ ಹಂದಿ ತರಬಾರದಂತೆ; ತರಬಹುದು ಅಂದಿದ್ದರೂ ಯಾವ ದುಡ್ಡಲ್ಲಿ ತರೋದು? ಬೀಗಿತ್ತಿ ಮನೆಯ ಹಂದಿಗಳು ಚೆನ್ನಾಗಿವೆ. ಅದನ್ನ ನಾನು ಹೇಳಿದರೆ ಸೊಸೆ, “ನಮ್ದೂ ಚೆನ್ನಾಗೇ ಇತ್ತು” ಅನ್ನುತ್ತಾಳೆ, ಗೋಡೆ ನೋಡಿಕೊಂಡು. ನನ್ನ ಜೊತೆ ನೇರ ಮಾತಿಲ್ಲ. ಎಲ್ಲ ಮೊಮ್ಮಗಳ ಮೂಲಕ. “ನಿಮ್ಮಜ್ಜಿಗೆ ಅನ್ನ ಆಗೈತೆ ಅಂತ ಯೇಳು.” ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಮೊನ್ನೆ ಹಬ್ಬದ ಮಾರನೇ ದಿನ ಮೈದುನ ಮತ್ತೆ ಕವರ್ ಹಿಡಿದು ಬಂದ. ಬೀದಿಯವರೆಲ್ಲ ಸೇರಿ ಕುರಿ ತಂದು ಗುಡ್ಡೆ ಹಾಕಿದ್ದರಂತೆ, ನಮ್ಮ ಪಾಲಿನ ದುಡ್ಡು ಅವನೇ ಹಾಕಿದನಂತೆ. ತೊಡೆ ಭಾಗ ಅಂತ ಈ ಸಲ ಹೇಳಲಿಲ್ಲ. ಕವರ್ ಹೊಸ್ತಿಲ ಮೇಲಿಟ್ಟು ನಿಂತ, ನಾನು ಏನನ್ನುತ್ತೇನೋ ಅಂತ. ತಗೊಂಡೆ.

ಸೊಸೆ ಬಾಡು ತೊಳೆದು, ಕೆಂಪು ನೀರಿನ ಪಾತ್ರೆ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಡ್ರಮ್ಮು ಇರುತ್ತಿದ್ದ ಜಾಗದ ಮುಂದೆ ಹೋಗಿ ನಿಂತುಬಿಟ್ಟಳು. ಎಷ್ಟು ಹೊತ್ತಾದರೂ ಅಲ್ಲೇ.

“ಮೋರಿಗೆ ಸುರಿ” ಅಂದೆ.

“ಇನ್ನೆಲ್ಲಿಗೆ ಸುರೀಲಿ ಅತ್ತೆ? ಇನ್ನೇನೈತೆ ಇಲ್ಲಿ?” ಅಂದಳು. ನನಗೇ ಅಂದಳು, ಮಗು ಅಲ್ಲಿರಲಿಲ್ಲ.

ನೀರು ಮೋರಿಯಲ್ಲಿ ಹೋದ ಸದ್ದು ಕೇಳಿಸಿತು. ನಾನು ಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚೋಕೆ ಕೂತೆ.