ಲಿಂದಾಲ್ವಾಳ ಬಾಗಿಲಿನ ಮೊಳೆ

ಇಗರಸ್ಸು ಊರಿನ ಹೊಳೆದಂಡೆಯ ಬೀದಿಗೆ ಬಂದು ಲಿಂದಾಲ್ವಾಳ ಮನೆ ಯಾವುದೆಂದು ಕೇಳಿದರೆ ಯಾರೂ ಮನೆಯ ಬಣ್ಣ ಹೇಳುವುದಿಲ್ಲ, ನಂಬರೂ ಹೇಳುವುದಿಲ್ಲ. "ಬಾಗಿಲಲ್ಲಿ ಖಾಲಿ ಮೊಳೆ ಇದ್ಯಲ್ಲ, ಅದೇ" ಅನ್ನುತ್ತಾರೆ. ಹದಿನಾರು ವರ್ಷದಿಂದ ಆ ಮೊಳೆ ಅಲ್ಲೇ ಇದೆ. ಬಾಗಿಲಿಗೆ ಎರಡು ಸಲ ಬಣ್ಣ ಬಳಿದರೂ ಅವಳು ಅದನ್ನು ಕೀಳಲಿಲ್ಲ. ತುಕ್ಕು ಹಿಡಿಯದಿರಲೆಂದು ಆಗಾಗ ತೆಂಗಿನೆಣ್ಣೆ ಸವರುತ್ತಾಳೆ.

ಅದು ಏಡಿ ಹಿಡಿಯುವವರ ಬೀದಿ. ಉಬ್ಬರದ ನೀರು ಇಳಿದ ಹೊತ್ತಿಗೆ ಕಾಂಡ್ಲಾ ಕಾಡಿನ ಕೆಸರಿಗೆ ಇಳಿದು, ಬಿಲದೊಳಗೆ ಹೆಗಲಿನವರೆಗೆ ತೋಳು ತೂರಿಸಿ, ಏಡಿಯನ್ನು ಬೆನ್ನಿನಿಂದ ಹಿಡಿದು ಎಳೆಯುವ ಜನ. ಅಂಥವನೊಬ್ಬ ಸತ್ತರೆ ಅವನ ಬಾಗಿಲಿಗೆ ಒಂದು ಮೊಳೆ ಹೊಡೆಯುತ್ತಾರೆ. ಏಳು ದಿನ, ಬೆಳಗಿನ ಮೊದಲ ಏಡಿಗಳನ್ನು ದಾರದಲ್ಲಿ ಸಾಲಾಗಿ ಕಟ್ಟಿ, ಜೊತೆಗಾರರು ಆ ಮೊಳೆಗೆ ನೇತುಹಾಕಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಮಾತಾಡುವ ಪದ್ಧತಿ ಇಲ್ಲ. ಲಿಂದಾಲ್ವಾಳ ಗಂಡ ಜೆನೇಸಿಯೊ ಸತ್ತಾಗ ಮೊಳೆಯನ್ನು ಅವಳೇ ಹೊಡೆದಳು. ಏಳು ದಿನವೂ ಕಾದಳು. ಒಂದು ಏಡಿಯ ಕಾಲೂ ಅಲ್ಲಿ ತೂಗಲಿಲ್ಲ.

ಜೆನೇಸಿಯೊ ಬಲೆಗಳ್ಳ ಎಂದು ಬೀದಿ ತೀರ್ಪು ಕೊಟ್ಟಿತ್ತು.

ಬಲೆಗಳ್ಳ ಅನ್ನುವುದು ಅಲ್ಲಿ ತಾಯಿಯನ್ನು ಹಿಡಿದು ಬೈದದ್ದಕ್ಕಿಂತ ಕೆಟ್ಟ ಬೈಗುಳ. ಹಳೇ ಚೀಲದ ನೈಲಾನ್ ಎಳೆ ಬಿಚ್ಚಿ ಬಿಲದ ಬಾಯಿಗೆ ಕಟ್ಟಿ, ಮನೆಗೆ ಹೋಗಿ ಕಾಲು ಚಾಚಿ ಮಲಗಿ, ಮರುದಿನ ಬಂದು ಸಿಕ್ಕಿಕೊಂಡದ್ದನ್ನು ಬಿಡಿಸಿಕೊಳ್ಳುವ ಮೈಗಳ್ಳನಿಗೆ ಹಾಗೆನ್ನುತ್ತಾರೆ. ಆ ಬಲೆಗೆ ಹೆಣ್ಣೇಡಿಯೂ ಒಂದೇ, ಮರಿಯೂ ಒಂದೇ. ಮರೆತುಹೋದ ಬಲೆಯಲ್ಲಿ ಸಿಕ್ಕಿದ್ದು ಅಲ್ಲೇ ಕೊಳೆಯುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ ಸರ್ಕಾರದ ತಪಾಸಣೆಯವರು ಬಂದ ಬೆಳಗ್ಗೆ ಜೆನೇಸಿಯೊನ ದೋಣಿಯ ಹಲಗೆಯಡಿ ಅಂಥ ಬಲೆಗಳ ಗಂಟೇ ಸಿಕ್ಕಿತು. ದೋಣಿ ಜಪ್ತಿಯಾಗಿ ಹೋಯಿತು. ಅವನು ಬಂದು ಕಟ್ಟೆಯ ಮೇಲೆ ಕೂತರೆ ಉಳಿದವರು ಎದ್ದು ಹೋಗತೊಡಗಿದರು. "ನಾನಲ್ಲ, ನಾನಲ್ಲ" ಎಂದು ಮೂರು ವರ್ಷ ಹೇಳಿದ. ಒಂದು ದಿನ ಹೇಳುವುದನ್ನೂ ಉಸಿರಾಡುವುದನ್ನೂ ಒಟ್ಟಿಗೆ ನಿಲ್ಲಿಸಿದ.

ಬಲೆ ಬಚ್ಚಿಟ್ಟವನು ವಾಲ್‌ಫ್ರೀದೊ. ತಪಾಸಣೆಯ ಹಿಂದಿನ ಸಂಜೆ ಅವನು ಒಂದು ಗಂಟು ಹಿಡಿದು ಆ ದೋಣಿ ಹತ್ತಿ, ಬರಿಗೈಯಲ್ಲಿ ಇಳಿದು ಬಂದದ್ದನ್ನು ಲಿಂದಾಲ್ವಾ ಕಣ್ಣಾರೆ ಕಂಡಿದ್ದಳು. ಹೇಳಿದರೆ ಕೇಳುವವರು ಯಾರು? "ಗಂಡನ ಪರ ಹೆಂಡತಿ ಹೇಳ್ದೆ ಇನ್ಯಾರು ಹೇಳ್ತಾರೆ" ಎಂದು ನಕ್ಕರು. ಅಲ್ಲದೆ ವಾಲ್‌ಫ್ರೀದೊ ಹೊರಗಿನವನಲ್ಲ, ಜೆನೇಸಿಯೊನ ಬೆಂಕಿನಂಟ. ಸಂತ ಜೊವಾಂವ್ ಹಬ್ಬದ ಸಂಜೆ ಮನೆಮುಂದೆ ಉರಿಯುವ ಬೆಂಕಿಯ ಈಚೆಗೊಬ್ಬ ಆಚೆಗೊಬ್ಬ ನಿಂತು, ಕೈ ಹಿಡಿದು, ಮೂರು ಸಲ ಜಾಗ ಬದಲಿಸಿ, ಸಂತರ ಹೆಸರಿನಲ್ಲಿ ಮಾತು ಕೊಟ್ಟರೆ ಆ ಇಬ್ಬರೂ ನಂಟರು. ಅಲ್ಲಿಂದ ಮುಂದೆ ಒಬ್ಬನ ಹೆಂಡತಿ ಇನ್ನೊಬ್ಬನಿಗೆ ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಸಾಯುವವರೆಗೂ, ಸತ್ತ ಮೇಲೂ. ಇದು ರಕ್ತದ ನಂಟಿಗಿಂತ ಗಟ್ಟಿ ಅನ್ನುತ್ತಾರೆ, ಯಾಕೆಂದರೆ ರಕ್ತದ ನಂಟನ್ನು ಯಾರೂ ಬೇಕೆಂದು ಕೇಳಿ ಪಡೆದಿರುವುದಿಲ್ಲ. ಹಾಗಾಗಿ "ಬೆಂಕಿನಂಟ ಅಂಥ ಕೆಲಸ ಮಾಡ್ತಾನಾ?" ಎಂದುಬಿಟ್ಟಿತು ಬೀದಿ. ಬಡವನ ಹೆಂಡತಿಯ ಮಾತಿಗೆ ಅಷ್ಟೇ ಬೆಲೆ.

ವಾಲ್‌ಫ್ರೀದೊ ಮೇಲೆದ್ದ. ರೆಸಿಫೆ ನಗರದ ಕಡಲತೀರದಲ್ಲಿ ದೊಡ್ಡ ಏಡಿ ಹೋಟೆಲು ಇಟ್ಟ. ಗೋಡೆಯ ತುಂಬ ಕೆಸರು ಮೆತ್ತಿದ ಏಡಿಗಾರರ ಚಿತ್ರ ಬರೆಸಿ, ಅದರಲ್ಲಿ ನಡುವೆ ನಿಂತವನು ತಾನೇ ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದನಂತೆ. ಪ್ರತಿ ಕ್ರಿಸ್‌ಮಸ್‌ಗೆ ಲಿಂದಾಲ್ವಾಳಿಗೆ ಒಂದು ಚೀಲ ಮರಗೆಣಸಿನ ಹಿಟ್ಟು ಕಳಿಸುತ್ತಿದ್ದ. ಅವಳು ಅದನ್ನು ಬಾಗಿಲು ದಾಟಿಸದೆ ಪಕ್ಕದ ಮನೆಯ ಹಂದಿಗಳಿಗೆ ಸುರಿಯುತ್ತಿದ್ದಳು. ಆ ಹಂದಿಗಳಷ್ಟು ಕೊಬ್ಬಿದ ಹಂದಿ ಇಡೀ ಬೀದಿಯಲ್ಲಿ ಇರಲಿಲ್ಲ.

ಅವಳ ಹೊಟ್ಟೆಪಾಡು ಬೇಯಿಸಿದ ಏಡಿ ಒಡೆದು ಮಾಂಸ ಬಿಡಿಸುವುದು. ಹಿತ್ತಿಲಲ್ಲಿ ಕೂತು ಮರದ ಸುತ್ತಿಗೆಯಿಂದ ಒಂದೊಂದು ಕೊಂಡಿ ಒಡೆಯುವಾಗಲೂ ಯಾರ ಮೂಳೆ ಎಂದು ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಮನಸ್ಸಿನಲ್ಲೇ ಅವನ ಹೋಟೆಲಿಗೆ ಬೆಂಕಿ ಇಟ್ಟಳು, ಅವನ ಸಾರಿಗೆ ಇಲಿಪಾಷಾಣ ಹಾಕಿದಳು, ಇಗರ್ಜಿಯ ಮೆಟ್ಟಿಲಿನಿಂದ ತಳ್ಳಿದಳು. ಆದರೆ ಅವನು ಸತ್ತರೆ ಬಂದ ಲಾಭವೇನು? ಜೆನೇಸಿಯೊ ಬಲೆಗಳ್ಳನಾಗಿಯೇ ಉಳಿಯುತ್ತಾನೆ. ಅವಳಿಗೆ ಬೇಕಾದದ್ದು ವಾಲ್‌ಫ್ರೀದೊನ ಬಾಯಿ, ಅದೂ ಬೀದಿಯೆಲ್ಲ ಕೇಳುವ ಹಾಗೆ.

ಜೂನ್ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಮನೆಯ ಇವೊನೇತಿ ಓಡಿ ಬಂದಳು. ಹಂದಿ ಸಾಕುವವಳು ಇವಳೇ. ಈ ಬೀದಿಗೆ ಬಂದು ಎಂಟು ವರ್ಷವಾಗಿದ್ದರೂ ಎಂಬತ್ತು ವರ್ಷದವರಷ್ಟು ಸುದ್ದಿ ಇಟ್ಟುಕೊಂಡವಳು.

"ಕೇಳಿದ್ಯೇನೇ? ವಾಲ್‌ಫ್ರೀದೊ ಬರ್ತಾನಂತೆ ಕಣೇ, ಹಬ್ಬದ ದಿನ! ವ್ಯಾನ್ ತುಂಬ ಪ್ರವಾಸಿಗಳನ್ನ ತುಂಬ್ಕೊಂಡು!"

"ಇಲ್ಲಿ ನೋಡೋಕೇನಿದೆ, ನನ್ನ ಮೂತಿನಾ?"

"ಅವಳಿ ಸಂತರ ಇಗರ್ಜಿ ತೋರ್ಸಿ, ಆಮೇಲೆ ನಮ್ಮ ಬೀದಿಗೆ. ತಾನು ಏಡಿ ಹಿಡೀತಿದ್ದ ಜಾಗ ಅಂತ. ಏಡಿಸಾರು ನಿನ್ ಕೈಯಲ್ಲೇ ಆಗ್ಬೇಕಂತೆ. ಇನ್ನೂ ಇದೆ ಕೇಳು." ಇವೊನೇತಿ ದನಿ ತಗ್ಗಿಸಿದಳು. "ನಿನ್ ಜೊತೆ ಬೆಂಕಿ ದಾಟ್ತಾನಂತೆ. ಹಳೇದೆಲ್ಲ ಮರ್ತು ನಂಟರಾಗೋಣ ಅಂದನಂತೆ. ಫೋಟೊ ಎಲ್ಲ ತೆಗೀತಾರೆ."

ಲಿಂದಾಲ್ವಾಳ ಸುತ್ತಿಗೆ ಎತ್ತಿದ್ದು ಎತ್ತಿದಲ್ಲೇ ನಿಂತಿತು.

"ಏನಂದೆ? ನನ್ ಜೊತೆ? ಬೆಂಕಿ ದಾಟ್ತಾನಾ?"

"ಹೂಂ ಕಣೇ. ಬೇಡ ಅನ್ಬೇಡ ಮಾರಾಯ್ತಿ, ನಾನೂ ಫೋಟೊದಲ್ಲಿ ಬರ್ತೀನಿ."

ಲಿಂದಾಲ್ವಾ ನಕ್ಕಳು. ಎಂಟು ವರ್ಷದಲ್ಲಿ ಅವಳ ಹಲ್ಲು ನೋಡಿರದ ಇವೊನೇತಿಗೆ ಒಂದು ಕ್ಷಣ ಗಾಬರಿಯಾಯಿತು.

ವಾಲ್‌ಫ್ರೀದೊ ಮರೆತಿದ್ದ! ಇಪ್ಪತ್ತೆಂಟು ವರ್ಷದ ಹಿಂದೆ, ಇದೇ ಬಾಗಿಲ ಮುಂದೆ, ಜೆನೇಸಿಯೊನ ಕೈ ಹಿಡಿದು ಬೆಂಕಿ ದಾಟಿದ್ದನ್ನು ಆ ಮನುಷ್ಯ ಹೋಟೆಲಿನ ಗಲ್ಲಾದ ಹಿಂದೆ ಕೂತು ಕೂತು ಮರೆತೇಬಿಟ್ಟಿದ್ದ. ಲಿಂದಾಲ್ವಾ ಆಗಿನಿಂದಲೇ ಅವನಿಗೆ ಕೊಮಾದ್ರೆ. ನಂಟಿದ್ದವರು ಮತ್ತೆ ಬೆಂಕಿ ದಾಟುವುದಿಲ್ಲ. ದಾಟುವುದು ಒಂದೇ ಸಂದರ್ಭದಲ್ಲಿ: ಮೊದಲ ನಂಟನ್ನು ದ್ರೋಹ ಮಾಡಿ ಮುರಿದಿದ್ದರೆ. ಆಗಲೂ ಮುರಿದವನೇ ಬಂದು ಕೇಳಬೇಕು, ಇನ್ನೊಬ್ಬರು ಕೇಳುವಂತಿಲ್ಲ. ಹೊಳೆದಂಡೆಯಲ್ಲಿ ಹಲ್ಲು ಬಿದ್ದ ಮುದುಕರಿಗೆಲ್ಲ ಗೊತ್ತಿರುವ ನೇಮ ಇದು. ಕುರಿ ತಾನಾಗಿಯೇ ಕಟುಕನ ಮನೆ ವಿಳಾಸ ಕೇಳಿಕೊಂಡು ಬರುತ್ತಿತ್ತು.

"ಬರ್ಲಿ. ಒಳ್ಳೇ ಸಾರು ಮಾಡ್ತೀನಿ ಅಂತ ಹೇಳು" ಅಂದಳು. ಒಳಗಿನ ಮಾತನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಹಬ್ಬದ ದಿನ ಜೆನೇಸಿಯೊ ಒಟ್ಟುತ್ತಿದ್ದ ಜಾಗದಲ್ಲೇ ಸೌದೆ ಒಟ್ಟಿಸಿದಳು. ತೆಂಗಿನಹಾಲು ಹಾಕಿ, ಕೊತ್ತಂಬರಿ ಉದುರಿಸಿ ಮಾಡಿದ ಏಡಿಸಾರಿನ ಘಮ ಕಟ್ಟೆಯವರೆಗೂ ಹೋಯಿತು. ಏಡಿಗಾರರ ಹಿರಿಯ ಮೊದೆಸ್ತೊನ ಮನೆಗೆ ತಾನೇ ಹೋಗಿ ಕರೆದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಹೊಸಿಲು ತುಳಿದದ್ದು ಅದೇ ಮೊದಲು. ಜೆನೇಸಿಯೊ ಬಂದರೆ ಕಟ್ಟೆಯಿಂದ ಮೊದಲು ಏಳುತ್ತಿದ್ದವನು ಇದೇ ಮೊದೆಸ್ತೊ. ಅವನ ಮೇಲೂ ಅವಳಿಗೆ ಸಿಟ್ಟು ಆರಿರಲಿಲ್ಲ, ಆದರೆ ಅವತ್ತು ಅವನ ಕಿವಿ ಬೇಕಿತ್ತು.

ಹೊತ್ತು ಮುಳುಗುವ ಮುಂಚೆ ವ್ಯಾನು ಬಂತು. ಬಿಳೀ ಟೊಪ್ಪಿ, ಹಬ್ಬದ ಚೌಕಳಿ ಅಂಗಿ, ಅಂಗಿಯ ಗುಂಡಿಗೆ ಸವಾಲು ಹಾಕುವ ಹೊಟ್ಟೆ. ಮೊದಲು ಹೊಟ್ಟೆ ಇಳಿಯಿತು, ಆಮೇಲೆ ವಾಲ್‌ಫ್ರೀದೊ. ಹಿಂದೆ ಹನ್ನೆರಡು ಮಂದಿ ದಕ್ಷಿಣದ ಊರುಗಳವರು, ಕೈಯಲ್ಲಿ ಫೋನು ಹಿಡಿದು.

"ಇದೇ ನನ್ನ ಶಾಲೆ!" ಎಂದು ಅವನು ಕಾಂಡ್ಲಾ ಕಾಡಿನ ಕಡೆ ಕೈ ಚಾಚಿದ. ತೋಳು ಮಡಚಿ ತೋರಿಸಿದ. "ನೋಡಿ, ಏಡಿ ಕಚ್ಚಿದ ಗಾಯ."

"ಅದು ಬಾಟ್ಲಿ ಒಡೆದಿದ್ದಲ್ವೇನೋ?" ಎಂದು ಮೊದೆಸ್ತೊ ಗೊಣಗಿದ. ಪ್ರವಾಸಿಗಳು ಅದನ್ನೂ ಫೋಟೊ ತೆಗೆದರು.

ಬೆಂಕಿ ಹೊತ್ತಿಕೊಂಡಿತು. ಅಕಾರ್ಡಿಯನ್ನಿನವನು ಒಂದು ಪದ ಮುಗಿಸಿ ಬೆವರು ಒರೆಸಿಕೊಂಡ. ವಾಲ್‌ಫ್ರೀದೊ ಎರಡೂ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ.

"ಈ ತಾಯಿ ನನ್ನ ಹಳೇ ಗೆಳೆಯನ ಹೆಂಡ್ತಿ. ಪಾಪ, ಅವನು ಒಂದು ತಪ್ಪು ಮಾಡ್ದ. ಯಾರು ಮಾಡಲ್ಲ ಹೇಳಿ? ನಾನು ಕ್ಷಮಿಸ್ದೆ. ಇವತ್ತು ಇವಳ ಜೊತೆ ಬೆಂಕಿ ದಾಟಿ ನಂಟನಾಗ್ತೀನಿ."

ಕ್ಷಮಿಸಿದನಂತೆ! ಅಷ್ಟರಲ್ಲಿ ಪಕ್ಕದಲ್ಲಿದ್ದ ಮೊದೆಸ್ತೊ ಹುಬ್ಬು ಗಂಟಿಕ್ಕಿ ಬಾಯಿ ತೆರೆದ. "ಅಲ್ಲಯ್ಯಾ, ನೀವಿಬ್ರೂ ಆಗ್ಲೇ..." ಲಿಂದಾಲ್ವಾ ಕೆಂಡದಿಂದ ತೆಗೆದ ಮುಸುಕಿನ ಜೋಳದ ತೆನೆಯನ್ನು ಆ ಬಾಯಿಗೇ ತುರುಕಿದಳು. "ಬಿಸಿ ಇದ್ದಾಗ್ಲೇ ತಿನ್ನು ಮೊದೆಸ್ತೊ ಅಣ್ಣ." ಮುದುಕ ಕಣ್ಣಲ್ಲಿ ನೀರು ತುಂಬಿಕೊಂಡು ಅವಳ ಮುಖ ನೋಡಿದ. ನೋಡಿ ಜೋಳ ಅಗಿಯತೊಡಗಿದ.

ಬೆಂಕಿಯ ಎರಡು ಬದಿಗೆ ನಿಂತು ಕೈ ಹಿಡಿದರು. ಅವನ ಅಂಗೈ ಮೆತ್ತಗೆ, ಒದ್ದೆ ಹಿಟ್ಟಿನಂತಿತ್ತು. "ಸಂತ ಜೊವಾಂವ್ ಸಾಕ್ಷಿ, ನಂಟರಾಗ್ತೀವಿ" ಎಂದು ಒಂದು ಸಲ ಜಾಗ ಬದಲಿಸಿದರು. "ಸಂತ ಪೇದ್ರು ಸಾಕ್ಷಿ" ಎಂದು ಎರಡನೇ ಸಲ. ಹಳಬರ ಗುಂಪಿನಲ್ಲಿ ಗುಸುಗುಸು ಶುರುವಾಗಿತ್ತು. ಒಬ್ಬಳು ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಮೂರನೇ ಸಲಕ್ಕೆ ವಾಲ್‌ಫ್ರೀದೊ ಕಾಲೆತ್ತಿದ. ಲಿಂದಾಲ್ವಾ ಕದಲಲಿಲ್ಲ. ಕೈಯನ್ನೂ ಬಿಡಲಿಲ್ಲ, ಏಡಿ ಒಡೆದು ಒಡೆದು ಗಟ್ಟಿಯಾದ ಬೆರಳು ಅವು.

"ನಿಲ್ಲು. ಇದೇ ಜಾಗದಲ್ಲಿ ನನ್ನ ಗಂಡನ ಕೈ ಹಿಡಿದು ಬೆಂಕಿ ದಾಟಿದ್ಯಲ್ಲ, ನೆನಪಿದ್ಯಾ?"

"ಆಂ? ಅದೂ... ಹೌದೌದು. ಅದಕ್ಕೇ ಮತ್ತೆ..."

"ಮತ್ತೆ ಯಾಕೆ? ನಾನು ಆವತ್ತಿಂದ್ಲೇ ನಿಂಗೆ ಕೊಮಾದ್ರೆ. ಇದ್ದ ನಂಟನ್ನ ಯಾರು ಮತ್ತೆ ಕೇಳ್ತಾರೆ?"

"ಅವನು ಸತ್ನಲ್ಲ. ನಂಟೂ ಮುಗೀತು."

"ಸತ್ರೆ ಮುಗಿಯಲ್ಲ." ಜೋಳವನ್ನು ಉಗಿದು ಮೊದೆಸ್ತೊ ಅಂದ. "ನನ್ನ ಬೆಂಕಿನಂಟನ್ನ ಹೂತು ನಲ್ವತ್ತು ವರ್ಷ ಆಯ್ತು. ಅವನ ಹೆಂಡ್ತೀನ ಇವತ್ತಿಗೂ ಕೊಮಾದ್ರೆ ಅಂತೀನಿ. ಮತ್ತೆ ಕೇಳೋದು ಮುರಿದವನು ಮಾತ್ರ ಕಣಯ್ಯಾ."

ಹಳಬರು ಬೆಂಕಿಯ ಹತ್ತಿರ ಸರಿದರು.

"ಹೇಳು," ಅಂದಳು ಲಿಂದಾಲ್ವಾ. "ಯಾರು ಮುರಿದ್ರು? ಏನು ಮಾಡಿ ಮುರಿದ್ರು? ನಾನು ಏನೂ ಹೇಳ್ತಿಲ್ಲ. ನೀನು ಹೇಳು."

ಬೆಂಕಿಯ ಝಳ ಅವನ ಹೊಟ್ಟೆಗೆ ತಟ್ಟುತ್ತಿತ್ತು. ಟೊಪ್ಪಿಯ ಅಂಚಿನಿಂದ ಬೆವರು ಇಳಿಯಿತು. ಕೈ ಎಳೆದ, ಬರಲಿಲ್ಲ. ಸುತ್ತ ನೋಡಿದ. ಒಂದು ಕಾಲದಲ್ಲಿ ತನ್ನ ಪರ ನಿಂತ ಮುಖಗಳೇ, ಒಂದೂ ನಗುತ್ತಿರಲಿಲ್ಲ.

"ಎಲ್ಲಾರೂ ನನ್ನನ್ಯಾಕೆ ಹಂಗೆ ನೋಡ್ತೀರಾ?" ಎಂದು ಕಿರುಚಿದ. "ಬಲೆ ಕಟ್ತಿದ್ದೋನು ನಾನೊಬ್ನೇನಾ? ತಪಾಸಣೆ ಬರುತ್ತೆ ಅಂತ ಗೊತ್ತಾದಾಗ ಎಲ್ಲಾದ್ರೂ ಇಡ್ಲೇಬೇಕಿತ್ತು! ದೋಣಿ ಹೋಗುತ್ತೆ ಅಂತ ನಂಗೇನು ಗೊತ್ತು?"

ಬಲೆಯ ಮಾತು ಅಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಕುಂಬಳಕಾಯಿಯನ್ನೇ ತಂದು ನಡುಬೀದಿಯಲ್ಲಿಟ್ಟ.

ಲಿಂದಾಲ್ವಾ ಕೈ ಬಿಟ್ಟಳು. ಸೆರಗಿಲ್ಲದ ನಾಡು, ಅಂಗೈಯನ್ನು ಲಂಗಕ್ಕೆ ಎರಡು ಸಲ ಒರೆಸಿಕೊಂಡಳು. "ಕೇಳಿಸ್ತಾ?" ಎಂದು ಜನರ ಕಡೆ ತಿರುಗಿದಳು. "ಎಲ್ಲರಿಗೂ ಕೇಳಿಸ್ತಾ? ಜೆನೇಸಿಯೊ ಅಲ್ಲ. ಅವನಲ್ಲ. ಮೂರು ವರ್ಷ ಬಡ್ಕೊಂಡ ಅವನು, ನಿಮ್ಮಲ್ಲಿ ಒಬ್ಬನಾದ್ರೂ ಕೂತು ಕೇಳ್ಲಿಲ್ಲ." ಆಮೇಲೆ ಅವಳು ಏನೂ ಆಗಿಲ್ಲವೆಂಬಂತೆ ಪ್ರವಾಸಿಗಳನ್ನು ಕರೆದಳು. "ಬನ್ನಿ, ಊಟ ಮಾಡಿ. ನಿಮ್ಮದೇನು ತಪ್ಪು?"

ಅವರು ಅರ್ಥವಾಗದೆಯೂ ಹೊಟ್ಟೆ ತುಂಬ ಉಂಡರು, ಎರಡೆರಡು ಸಲ ಬಡಿಸಿಕೊಂಡರು. ವಾಲ್‌ಫ್ರೀದೊ ವ್ಯಾನಿನ ಗಾಜು ಏರಿಸಿಕೊಂಡು ಒಬ್ಬನೇ ಕೂತಿದ್ದ. ಬೇಗ ಹೊರಡಿ ಎಂದು ಒಂದು ಸಲ ಹಾರ್ನ್ ಮಾಡಿದ. ಲಿಂದಾಲ್ವಾ ಎಲ್ಲರಿಗೂ ನಿಧಾನವಾಗಿ ಜೋಳದ ಹಲ್ವ ಬಡಿಸಿದಳು. ಆ ಗಾಜಿನ ಹಿಂದಿನ ಮುಖ ನೋಡುತ್ತಾ ತಾನೂ ಒಂದು ಬಟ್ಟಲು ತಿಂದಳು. ಇಷ್ಟು ರುಚಿ ಅವಳ ನಾಲಗೆ ಕಂಡು ಬಹಳ ವರ್ಷವಾಗಿತ್ತು. ಹೊಟ್ಟೆ ತಣ್ಣಗಾಯಿತು. ಅಯ್ಯೋ ಪಾಪ ಎಂದು ಅವಳಿಗೆ ಒಂದು ಎಳ್ಳಿನಷ್ಟೂ ಅನಿಸಲಿಲ್ಲ. ಅನಿಸಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮರುದಿನ ಬೆಳಗ್ಗೆ ಬಾಗಿಲು ತೆರೆದಾಗ ಮೊಳೆಯಲ್ಲಿ ಏಡಿಗಳ ಸಾಲು ತೂಗುತ್ತಿತ್ತು. ಎಲ್ಲವೂ ಗಂಡು, ದೊಡ್ಡವು, ಇನ್ನೂ ಕಾಲಾಡಿಸುತ್ತಿದ್ದವು. ಹತ್ತು ಹೆಜ್ಜೆ ಆಚೆ ಮೊದೆಸ್ತೊ ನಿಂತಿದ್ದ. ಎಪ್ಪತ್ತಾರು ವರ್ಷದ ಆ ತೋಳಿನಲ್ಲಿ ಹೆಗಲಿನವರೆಗೂ ಹಸಿ ಕೆಸರಿತ್ತು. ಅವನ ಹಿಂದೆ ಬೀದಿಯ ಗಂಡಸರೆಲ್ಲ ಟೊಪ್ಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು.

ಇವಳು ಅಳುತ್ತಾಳೆ, ಅತ್ತು ಎಲ್ಲರನ್ನೂ ಮನ್ನಿಸುತ್ತಾಳೆ ಎಂದು ಇವೊನೇತಿ ಕಿಟಕಿಯಲ್ಲಿ ಇಣುಕುತ್ತಾ ಕಾದಳು.

ಲಿಂದಾಲ್ವಾ ಏಡಿಗಳನ್ನು ಮೊಳೆಯಿಂದ ತೆಗೆದುಕೊಂಡಳು. ಮೊಳೆ ಅಲುಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇದು ಒಂದನೇ ದಿನದ್ದು ಮೊದೆಸ್ತೊ ಅಣ್ಣ" ಅಂದಳು. "ನಾಳೆ ಬೇರೆಯವನು ತರ್ಲಿ. ಹೊತ್ತು ಹುಟ್ಟೋಕೆ ಮುಂಚೆ."

ಬಾಗಿಲು ಹಾಕಿಕೊಂಡಳು.